ರುಮಾಲು, ಪಗಡಿ, ಟೋಪಿ: ಹಳೆಯ ತಲೆಯುಡುಗೆಗಳ ಸಂಗ್ರಹ ಹಾಗೂ ಪರೀಕ್ಷೆ

ಮನುಷ್ಯನು ತೊಡುವ ಉಡುಗೆಗಳಲ್ಲಿ ತಲೆಯುಡುಗೆಯಷ್ಟು ಮಾತನಾಡುವ ಉಡುಗೆ ಬೇರೊಂದಿಲ್ಲ. ಧೋತರವನ್ನಾಗಲಿ ಅಂಗಿಯನ್ನಾಗಲಿ ಕಂಡು ಅದನ್ನು ತೊಟ್ಟವನ ಊರನ್ನು ಹೇಳುವುದು ಕಷ್ಟ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ರುಮಾಲಿನ ಸುತ್ತನ್ನು ನೋಡಿದ ಮಾತ್ರಕ್ಕೆ ಇವರು ಮೈಸೂರು ಸೀಮೆಯವರು, ಇವರು ಧಾರವಾಡದ ಕಡೆಯವರು, ಇವರು ಪುಣೆಯವರು ಎಂದು ಹೇಳಬಲ್ಲ ಹಿರಿಯರಿದ್ದರು. ಊರಷ್ಟೇ ಅಲ್ಲ, ತೊಟ್ಟವರ ಜಾತಿ, ವೃತ್ತಿ, ಅಂತಸ್ತುಗಳನ್ನೂ ಅವರು ಆ ಸುತ್ತಿನಲ್ಲಿಯೇ ಓದುತ್ತಿದ್ದರು. ಅಂಥವರು ಈಗ ವಿರಳ. ಅವರು ಸುತ್ತಿದ ಬಟ್ಟೆಗಳು ಮಾತ್ರ ಕೆಲವು ಉಳಿದಿವೆ: ಕೆಲವು ಮನೆಯ ಅಟ್ಟದ ಟ್ರಂಕಿನಲ್ಲಿ, ಕೆಲವು ವಸ್ತುಸಂಗ್ರಹಾಲಯಗಳಲ್ಲಿ, ಕೆಲವು ಪುಣೆಯ ಜುನಾ ಬಜಾರಿನ ನೆಲದ ಮೇಲೆ; ಇತ್ತೀಚೆಗೆ ಹೆಚ್ಚಾಗಿ ಅಂತರಜಾಲದ ಹರಾಜುಗಳಲ್ಲಿ.

ಹರಾಜಿಗೆ ಬಂದ ವಸ್ತುವಿಗೆ ಮಾರುವವನು ಹೆಸರಿಡುತ್ತಾನೆ. ಆ ಹೆಸರು ಬಹುಮಟ್ಟಿಗೆ ‘ಹಳೆಯ ಭಾರತೀಯ ಪೇಟ’ ಎಂದೋ ‘ಮಹಾರಾಜರ ಪಗಡಿ’ ಎಂದೋ ಇರುತ್ತದೆ. ಧಾರವಾಡದ ಒಬ್ಬ ಗುಮಾಸ್ತರು ಕಚೇರಿಗೆ ಸುತ್ತಿಕೊಂಡು ಹೋಗುತ್ತಿದ್ದ ರುಮಾಲು ಹೀಗೆ ಒಮ್ಮೆ ಮಹಾರಾಜರದಾಗಿಬಿಟ್ಟರೆ ಅದು ಮತ್ತೆ ಗುಮಾಸ್ತರದಾಗುವುದು ಕಠಿಣ. ಬಟ್ಟೆ ಉಳಿಯಿತು, ಮನುಷ್ಯನು ಅಳಿದನು ಎಂದಂತಾಯಿತು. ಆದುದರಿಂದ ಇಂಥ ವಸ್ತುಗಳನ್ನು ಕೊಳ್ಳುವವರೂ, ಮನೆಯಲ್ಲಿ ಇಟ್ಟುಕೊಂಡಿರುವವರೂ ಅವುಗಳನ್ನು ಗುರುತಿಸುವ ಕ್ರಮವನ್ನು ಅರಿತಿರುವುದು ಒಳ್ಳೆಯದು. ಆ ಕ್ರಮವನ್ನು ಸಂಗ್ರಹವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

೧. ಪುಣೆಯೂ ಕನ್ನಡಿಗರ ತಲೆಯುಡುಗೆಯೂ

ಈ ವಿಷಯವನ್ನು ಪುಣೆಯಲ್ಲಿ ಕುಳಿತು ವಿಚಾರಿಸುವುದಕ್ಕೆ ಕಾರಣವಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆಗಳು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದದ್ದು ೧೯೧೭ರಲ್ಲಿ. ಅಲ್ಲಿಯವರೆಗೆ ಆ ಭಾಗದ ತರುಣರು ಉಚ್ಚ ಶಿಕ್ಷಣಕ್ಕಾಗಿ ಪುಣೆಗೋ ಮುಂಬಯಿಗೋ ಬರಬೇಕಾಗಿತ್ತು. ಆಲೂರು ವೆಂಕಟರಾಯರೂ ದ. ರಾ. ಬೇಂದ್ರೆಯವರೂ ಇಲ್ಲಿಯ ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿಗಳು. ಮೈಸೂರು ಸೀಮೆಯಿಂದ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ೧೮೮೪ರಲ್ಲಿ ಮುಂಬಯಿ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಖಡಕವಾಸಲಾ ಜಲಾಶಯಕ್ಕೆ ೧೯೦೩ರಲ್ಲಿ ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಅವರ ಚಿತ್ರವನ್ನು ನೆನೆದರೆ ಜರಿಯಂಚಿನ ಪೇಟವೇ ಮೊದಲು ಕಣ್ಣಿಗೆ ಬರುತ್ತದೆ.

ಹೀಗೆ ಪುಣೆಯ ಕನ್ನಡಿಗರ ಮನೆಗಳಲ್ಲಿ ಮೂರು ಸಂಪ್ರದಾಯಗಳು ಕೂಡಿಕೊಂಡವು. ಮೈಸೂರಿನ ದರ್ಬಾರಿನ ಪೇಟ ಒಂದು. ಉತ್ತರ ಕರ್ನಾಟಕದ ರುಮಾಲು ಮತ್ತು ಪಟಗ ಎರಡನೆಯದು. ಈ ನಗರದ್ದೇ ಆದ ಪಗಡಿ ಮೂರನೆಯದು. ಇವುಗಳ ಜೊತೆಗೆ ನಾಲ್ಕನೆಯದೊಂದು ಬಂತು. ಪುಣೆ ದೊಡ್ಡ ದಂಡಿನ ಊರು. ಮಳೆಗಾಲದಲ್ಲಿ ಮುಂಬಯಿ ಗವರ್ನರರ ನಿವಾಸವೂ ಇಲ್ಲಿಯೇ. ಆದುದರಿಂದ ಕ್ಯಾಂಪ್ ಮತ್ತು ಖಡಕಿಯ ಬಂಗಲೆಗಳಿಂದ ಬಿಳಿಯರ ಬೆಂಡಿನ ಟೋಪಿ, ಫೆಲ್ಟ್ ಟೋಪಿಗಳು ಹಳೆಯ ಸಾಮಾನಿನ ಪೇಟೆಗೆ ಬರುತ್ತಿದ್ದುದು ಸಹಜವೇ.

ಇಂಥ ದಿನಬಳಕೆಯ ವಸ್ತುಗಳಿಗೂ ಇತಿಹಾಸದಲ್ಲಿ ಸ್ಥಾನವಿದೆಯೆಂದು ಪುಣೆಗೆ ತೋರಿಸಿಕೊಟ್ಟವರು ದಿನಕರ ಗಂಗಾಧರ ಕೇಳಕರರು. ಕನ್ನಡಕದ ವ್ಯಾಪಾರಿಯೂ, ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿಯೂ ಆಗಿದ್ದ ಅವರು ೧೯೨೦ರ ಸುಮಾರಿನಿಂದ ದೀಪ, ಅಡಕೊತ್ತು, ಮಸಿಕುಡಿಕೆ, ಬಾಗಿಲು, ಬಟ್ಟೆಗಳನ್ನು ಊರೂರು ಅಲೆದು ಕೂಡಿಸಿ, ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕಿಟ್ಟು, ೧೯೭೫ರಲ್ಲಿ ಅದನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಆ ವಸ್ತುಗಳಲ್ಲಿ ಬಹುಭಾಗ ರಾಜರ ಭಂಡಾರದ್ದಲ್ಲ, ಸಂಸಾರಸ್ಥರ ಮನೆಯದು. ತಲೆಯುಡುಗೆಯನ್ನು ಸಂಗ್ರಹಿಸುವವರಿಗೂ ಈ ದೃಷ್ಟಿಯೇ ಮಾದರಿ.

೨. ಹೆಸರುಗಳ ತೊಡಕು

ಹರಾಜಿನ ಪಟ್ಟಿಯಲ್ಲಿ ವಸ್ತುವನ್ನು ಹುಡುಕುವವನಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ‘ರುಮಾಲು’ ಪಾರಸಿ ಮಾತು. ಮುಖ ಒರಸುವುದು ಎಂದು ಅದರ ಮೂಲಾರ್ಥ. ಹಿಂದಿಯಲ್ಲಿ ಅದು ಕೈವಸ್ತ್ರವಾಗಿಯೇ ಉಳಿಯಿತು. ಕನ್ನಡದಲ್ಲಿ ಕೈಯಿಂದ ತಲೆಗೇರಿತು. ಆದುದರಿಂದ ಅಂತರಜಾಲದಲ್ಲಿ ಆ ಹೆಸರನ್ನು ಹಿಡಿದು ಹುಡುಕಿದವನಿಗೆ ಚಂಬಾದ ಕಸೂತಿಯ ಕೈವಸ್ತ್ರಗಳು ದೊರೆಯುತ್ತವೆಯೇ ಹೊರತು ಗದಗಿನ ಅಜ್ಜನ ರುಮಾಲು ದೊರೆಯುವುದಿಲ್ಲ. ಅದು ಬೇರೆ ಯಾವುದೋ ಹೆಸರಿನಡಿಯಲ್ಲಿ ಅಡಗಿರುತ್ತದೆ.

‘ಕುಲಾವಿ’ ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಪಾರಸಿಯ ‘ಕುಲಾಹ್’ ಎಂಬ ಮೊನೆಯಾದ ಟೋಪಿ ವಿಜಯನಗರದ ಆಸ್ಥಾನದಲ್ಲಿ ‘ಕುಳ್ಳಾಯಿ’ ಎಂಬ ಹೆಸರಿನಿಂದ ರಾಜಮರ್ಯಾದೆಯ ಉಡುಗೆಯಾಯಿತು. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲಿರುವ ಎತ್ತರದ ಟೋಪಿ ಅದೇ. ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನೂ ಅರಸನ ಜರತಾರಿ ಟೋಪಿಯನ್ನು ಕಂಡು ಬರೆದಿದ್ದಾನೆ. ಚಕ್ರವರ್ತಿಯ ಶಿರದಲ್ಲಿ ಮೆರೆದ ಆ ಮಾತು ಇಂದು ನಮ್ಮ ಮನೆಗಳಲ್ಲಿ ಕೂಸಿನ ಟೋಪಿಗೆ ಉಳಿದುಕೊಂಡಿದೆ. ಉಡುಗೆಗಳಂತೆ ಮಾತುಗಳಿಗೂ ಏಳುಬೀಳು ಉಂಟು.

‘ಟೋಪಿ’ಗೆ ಇನ್ನೊಂದು ಬಗೆಯ ಇತಿಹಾಸವಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಾಮಚಂದ್ರಪಂತ ಅಮಾತ್ಯನು ಬರೆದ ಮರಾಠಿಯ ‘ಆಜ್ಞಾಪತ್ರ’ದಲ್ಲಿ ಇಂಗ್ಲಿಷ್, ಡಚ್, ಪೋರ್ಚುಗೀಸರೆಲ್ಲ ‘ಟೋಪೀಕರ’ರೇ. ಪೇಟ ಸುತ್ತುವವರು ನಾವು, ಟೋಪಿ ಹಾಕುವವರು ಅವರು ಎಂಬ ಭೇದ ಅಷ್ಟು ಸ್ಪಷ್ಟವಾಗಿತ್ತು. ‘ಟೋಪಿ ಹಾಕು’ ಎಂದರೆ ಮೋಸಮಾಡು ಎಂಬ ಅರ್ಥ ನಮ್ಮ ಮಾತಿನಲ್ಲಿ ನೆಲೆಸಿರುವುದನ್ನು ಹರಾಜಿನಲ್ಲಿ ಟೋಪಿ ಕೊಳ್ಳುವವರು ನೆನಪಿನಲ್ಲಿಡುವುದು ಕ್ಷೇಮ. ಮುಂಬಯಿ–ಪುಣೆಗಳಲ್ಲಿ ‘ಪಗಡಿ’ ಎಂದರೆ ಬಾಡಿಗೆಯ ಮನೆಗಾಗಿ ಮುಂಗಡವಾಗಿ ತೆರುವ ಹಣವೂ ಹೌದೆಂಬುದನ್ನು ಇಲ್ಲಿ ನೆಲೆಸಿದವರಿಗೆ ಹೇಳಿಕೊಡಬೇಕಾಗಿಲ್ಲ.

ಕನ್ನಡದ ಪೇಟ, ಮರಾಠಿಯ ಫೇಟಾ. ಕನ್ನಡದ ಪಟಗ, ಮರಾಠಿಯ ಪಟಕಾ: ಇವು ಒಂದಕ್ಕೊಂದು ನೆಂಟರಾದರೂ ಅವು ಸೂಚಿಸುವ ವಸ್ತುಗಳು ಎಲ್ಲ ಕಡೆಯೂ ಒಂದೇ ಅಲ್ಲ. ಆದುದರಿಂದ ಸಂಗ್ರಾಹಕನು ತನ್ನ ಪಟ್ಟಿಯಲ್ಲಿ ಮಾರುವವನು ಕೊಟ್ಟ ಹೆಸರು, ಮನೆಯವರು ಬಳಸುತ್ತಿದ್ದ ಹೆಸರು, ತಾನು ನಿರ್ಣಯಿಸಿದ ಹೆಸರು ಈ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡತಕ್ಕದ್ದು. ಸಂದೇಹ ಬಂದಾಗ ೧೮೯೪ರ ಕಿಟೆಲರ ಕನ್ನಡ ನಿಘಂಟನ್ನೂ ಮೋಲ್ಸವರ್ಥರ ಮರಾಠಿ ನಿಘಂಟನ್ನೂ ಜೊತೆಯಲ್ಲಿಟ್ಟುಕೊಂಡು ನೋಡುವುದು ಪ್ರಯೋಜನಕರ.

೩. ನಾಲ್ಕು ವರ್ಗಗಳು

ಹೆಸರನ್ನು ಬದಿಗಿಟ್ಟು ರಚನೆಯನ್ನು ನೋಡಿದರೆ ಗಂಡಸರ ತಲೆಯುಡುಗೆಗಳನ್ನು ನಾಲ್ಕು ವರ್ಗಗಳಲ್ಲಿ ಅಡಕಮಾಡಬಹುದು.

ಮೊದಲನೆಯದು ಪ್ರತಿದಿನವೂ ಹೊಸದಾಗಿ ಸುತ್ತಿಕೊಳ್ಳುವ ಬಟ್ಟೆ. ರುಮಾಲು, ಪಟಗ, ಫೇಟಾ, ಮುಂಡಾಸುಗಳು ಈ ವರ್ಗದವು. ಬಿಚ್ಚಿದರೆ ಇದು ಬರಿಯ ಬಟ್ಟೆ. ಹರಾಜಿನಲ್ಲಿ ಇದು ಶಲ್ಯವೆಂದೋ ಸೀರೆಯ ತುಂಡೆಂದೋ ಮಾರಾಟಕ್ಕೆ ಬರುವುದೂ ಉಂಟು. ಗುರುತಿಸಬೇಕಾದರೆ ಮಡಿಕೆಯ ಗೆರೆಗಳನ್ನು ನೋಡಬೇಕು. ಬಹುಕಾಲ ಸುತ್ತಿದ ಬಟ್ಟೆಯಲ್ಲಿ ನೆರಿಗೆಗಳು ಓರೆಯಾಗಿ, ಒಂದರ ಪಕ್ಕದಲ್ಲೊಂದು ಅಚ್ಚೊತ್ತಿರುತ್ತವೆ. ಹಣೆಗೆ ತಾಗಿದ ಭಾಗದಲ್ಲಿ ಬೆವರಿನ ಕಂದು ಪಟ್ಟಿ ಇರುತ್ತದೆ. ಹೊರಗೆ ಕಾಣುವ ಸೆರಗಿನಲ್ಲಿ ಮಾತ್ರ ಜರಿ ಇರುತ್ತದೆ.

ಎರಡನೆಯದು ಒಮ್ಮೆ ಸುತ್ತಿ, ಹೊಲಿದು, ಅಂಟಿಸಿ ಸ್ಥಿರಗೊಳಿಸಿದ ತಲೆಯುಡುಗೆ. ಪುಣೆಯ ಪಗಡಿ, ಪಾರಸಿಗಳ ಪಗಡಿ, ಈಗ ಸನ್ಮಾನಗಳಲ್ಲಿ ತೊಡಿಸುವ ಮೈಸೂರು ಪೇಟ ಇವು ಈ ವರ್ಗದವು. ಇಲ್ಲಿ ಒಳಗಿನ ಆಧಾರವೇ ಪರೀಕ್ಷೆಯ ಮುಖ್ಯ ಸ್ಥಾನ. ಪುಣೆಯ ಪಗಡಿಗೆ ೨೦೦೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನ್ಯಾಯಮೂರ್ತಿ ರಾನಡೆ, ಲೋಕಮಾನ್ಯ ಟಿಳಕರ ಚಿತ್ರಗಳಿಂದ ಅದು ನಮಗೆ ಪರಿಚಿತ.

ಮೂರನೆಯದು ಕತ್ತರಿಸಿ ಹೊಲಿದ ಟೋಪಿ. ಕರಿಯ ಟೋಪಿಯೂ ಗಾಂಧಿ ಟೋಪಿಯೂ ಇದಕ್ಕೆ ಉದಾಹರಣೆಗಳು. ಗಾಂಧೀಜಿಯವರ ಬದುಕಿನಲ್ಲಿ ತಲೆಯುಡುಗೆಗೆ ವಿಶೇಷ ಸ್ಥಾನವಿದೆ. ೧೮೯೩ರಲ್ಲಿ ಡರ್ಬಾನಿನ ನ್ಯಾಯಾಲಯದಲ್ಲಿ ಪೇಟ ತೆಗೆಯಬೇಕೆಂದಾಗ ಅವರು ಒಪ್ಪದೆ ಹೊರನಡೆದರು. ೧೯೧೫ರಲ್ಲಿ ಭಾರತಕ್ಕೆ ಮರಳಿದಾಗ ಕಾಠಿಯಾವಾಡದ ದೊಡ್ಡ ಪೇಟ ಸುತ್ತಿದ್ದರು. ಅಸಹಕಾರದ ಕಾಲಕ್ಕೆ ಬಿಳಿಯ ಖಾದಿ ಟೋಪಿಯನ್ನು ರೂಢಿಗೆ ತಂದರು. ೧೯೨೧ರಲ್ಲಿ ಅದನ್ನೂ ತ್ಯಜಿಸಿದರು. ಹಲವು ಗಜಗಳ ಪೇಟದ ಬಟ್ಟೆಯಲ್ಲಿ ಎಷ್ಟೋ ಜನರ ಟೋಪಿಗಳಾಗುತ್ತವೆ, ಟೋಪಿಯನ್ನು ಸುಲಭವಾಗಿ ಒಗೆಯಲೂಬಹುದು. ಜಾತಿ–ಪ್ರಾಂತಗಳನ್ನು ಹೇಳುತ್ತಿದ್ದ ನೂರು ಬಗೆಯ ಸುತ್ತುಗಳ ಸ್ಥಾನದಲ್ಲಿ ಏನನ್ನೂ ಹೇಳದ ಒಂದು ಬಿಳಿಯ ಟೋಪಿ ಬಂದದ್ದು ದೊಡ್ಡ ಪರಿವರ್ತನೆಯೇ ಸರಿ.

ನಾಲ್ಕನೆಯದು ಐರೋಪ್ಯ ಮಾದರಿಯ ಅಂಚುಳ್ಳ ಟೋಪಿ. ಇದರ ಪರೀಕ್ಷೆಯನ್ನು ಮುಂದೆ ಬೇರೆಯಾಗಿ ಹೇಳಲಾಗುವುದು.

ಯಕ್ಷಗಾನದ ಮುಂದಲೆ, ನಾಟಕ ಕಂಪನಿಗಳ ಪಗಡಿ, ಮದುಮಕ್ಕಳ ಬಾಸಿಂಗಗಳು ಈ ನಾಲ್ಕರಲ್ಲಿಯೂ ಸೇರುವುದಿಲ್ಲ. ಆದರೆ ನಾಟಕದ ಪಗಡಿ ಹರಾಜಿನಲ್ಲಿ ದರ್ಬಾರಿನ ಪಗಡಿಯಾಗಿ ವೇಷ ಹಾಕುವುದುಂಟು. ದೂರದಿಂದ ಹೊಳೆಯಬೇಕೆಂಬುದು ಅದರ ಗುಣ. ಗಾಜಿನ ಹರಳು, ಬಣ್ಣದ ಕಾಗದ, ದಪ್ಪ ಹೊಲಿಗೆಗಳು ಅದನ್ನು ಬಯಲಿಗೆಳೆಯುತ್ತವೆ.

೪. ಬಟ್ಟೆ, ಜರಿ, ನೂಲುಗಳ ಸಾಕ್ಷ್ಯ

ಕಾಲನಿರ್ಣಯದ ಮೂಲಸೂತ್ರ ಒಂದೇ: ಯಾವ ವಸ್ತುವೂ ತನ್ನ ಅತ್ಯಂತ ಹೊಸ ಭಾಗಕ್ಕಿಂತ ಹಳೆಯದಾಗಿರಲಾರದು; ಆ ಭಾಗ ತರುವಾಯದ ದುರಸ್ತಿಯೆಂದು ತೋರಿಸಿಕೊಟ್ಟರೆ ಮಾತ್ರ ಈ ನಿಯಮಕ್ಕೆ ಅಪವಾದ. ಆದುದರಿಂದ ವಸ್ತುವಿನ ಹಳಮೆಯನ್ನು ಸಾಧಿಸಲು ಹೊರಡದೆ ಅದರ ಹೊಸತನವನ್ನು ಹುಡುಕಲು ಹೊರಡಬೇಕು.

ಮೊದಲು ಜರಿ. ಅಸಲು ಜರಿಯೆಂದರೆ ರೇಷ್ಮೆಯ ಎಳೆಯ ಮೇಲೆ ಚಪ್ಪಟೆ ಮಾಡಿದ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟದ್ದು. ಅಗ್ಗದ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರ. ಇತ್ತೀಚಿನದರಲ್ಲಿ ಲೋಹದ ಬಣ್ಣ ಬಳಿದ ಪಾಲಿಯೆಸ್ಟರ್ ಪಟ್ಟಿ. ಬೆಳ್ಳಿ ಕಾಲಾಂತರದಲ್ಲಿ ಕಪ್ಪಾಗುತ್ತದೆ. ತಾಮ್ರ ಹಸುರು ಕಿಲುಬು ಹಿಡಿಯುತ್ತದೆ. ಪಾಲಿಯೆಸ್ಟರ್ ಎರಡೂ ಆಗದೆ ಹೊಳೆಯುತ್ತಲೇ ಇರುತ್ತದೆ. ನೂರು ವರ್ಷದ್ದೆಂದು ಹೇಳಿದ ಪೇಟದ ಜರಿ ನಿನ್ನೆ ತಂದಂತೆ ಹೊಳೆಯುತ್ತಿದ್ದರೆ ಸಂಶಯಪಡಬೇಕು. ಉದುರಿದ ಒಂದು ಎಳೆ ಸಿಕ್ಕಿದರೆ ಅದನ್ನು ಸುಟ್ಟು ನೋಡಬಹುದು: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಷ್ಮೆಯ ಜರಿಯಲ್ಲಿ ಕೂದಲು ಸುಟ್ಟ ವಾಸನೆ ಬಂದು ಲೋಹದ ತಂತಿ ಉಳಿಯುತ್ತದೆ. ವಸ್ತುವಿನಿಂದ ಎಳೆಯನ್ನು ಕೀಳುವುದು ಮಾತ್ರ ಸಲ್ಲದು.

ಎರಡನೆಯದು ಹೊಲಿಗೆ. ಹೊಲಿಗೆಯ ಯಂತ್ರ ಹತ್ತೊಂಬತ್ತನೆಯ ಶತಮಾನದ ನಡುವೆ ಬಂದದ್ದು. ಮೇಲಿನ ದಾರವೂ ಕೆಳಗಿನ ದಾರವೂ ಸಮಾಂತರದಲ್ಲಿ ಒಂದನ್ನೊಂದು ಹಿಡಿದುಕೊಂಡಿರುವ ಹೊಲಿಗೆ ಕಂಡಲ್ಲಿ ‘ಪೇಶವೆಯರ ಕಾಲದ ಪಗಡಿ’ ಎಂಬ ಮಾತನ್ನು ನಂಬಬೇಕಾಗಿಲ್ಲ. ಪೇಶವೆಯರ ಆಳಿಕೆ ಮುಗಿದದ್ದು ೧೮೧೮ರಲ್ಲಿ.

ಮೂರನೆಯದು ಬಣ್ಣ. ಕೃತಕ ಬಣ್ಣಗಳು ೧೮೫೬ರ ತರುವಾಯದವು. ಕೃತಕ ನೀಲಿ ಪೇಟೆಗೆ ಬಂದದ್ದು ೧೮೯೭ರಲ್ಲಿ. ಬಣ್ಣವನ್ನು ಬರಿಗಣ್ಣಿನಿಂದ ನಿರ್ಣಯಿಸುವುದು ಸಾಧ್ಯವಿಲ್ಲವಾದರೂ ನೆರಳೆ, ಉಜ್ವಲ ಗುಲಾಬಿಯಂಥ ಬಣ್ಣಗಳನ್ನು ಕಂಡಾಗ ಎಚ್ಚರಿಕೆಯಿಂದಿರಬೇಕು.

ನಾಲ್ಕನೆಯದು ಅತಿನೇರಳೆ ದೀಪದ ಪರೀಕ್ಷೆ. ಬಟ್ಟೆಯನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ೧೯೪೦ರ ದಶಕದಿಂದೀಚೆಗೆ ಬಳಕೆಗೆ ಬಂದವು. ಅವು ಈ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತವೆ. ಆದರೆ ಹಳೆಯ ಬಟ್ಟೆಯನ್ನು ಇಂದಿನ ಸಾಬೂನುಪುಡಿಯಲ್ಲಿ ಒಗೆದರೂ ಅದು ಹೀಗೆಯೇ ಹೊಳೆಯುತ್ತದೆ. ಆದುದರಿಂದ ಒಗೆಯುವ ನೀರು ತಾಗದ ಸ್ಥಳವನ್ನು, ಎಂದರೆ ಗಟ್ಟಿ ಹೊಲಿಗೆಯ ಒಳಗಿನ ದಾರವನ್ನು ನೋಡಬೇಕು.

ಐದನೆಯದು ಒಳಗಿನ ಆಧಾರ. ಹಳೆಯ ಪಗಡಿಗಳ ಒಡಲಲ್ಲಿ ಬಟ್ಟೆ, ಹತ್ತಿ, ಅಂಟಿನಿಂದ ಗಟ್ಟಿಮಾಡಿದ ಕಾಗದ ಮುಂತಾದವು ಇರುತ್ತವೆ. ಕಾಗದ ರದ್ದಿಯದಾದರೆ ಸಂಗ್ರಾಹಕನ ಭಾಗ್ಯವೇ ತೆರೆದಂತೆ. ಹಳೆಯ ಲೆಕ್ಕದ ಹಾಳೆಯೋ ಪತ್ರಿಕೆಯ ತುಂಡೋ ಅಲ್ಲಿದ್ದು ದಿನಾಂಕವನ್ನೇ ಹೇಳಿಬಿಡಬಹುದು. ಸ್ಪಂಜು, ಥರ್ಮಾಕೋಲ್, ಪ್ಲಾಸ್ಟಿಕ್ ಜಾಳಿಗೆ ಕಂಡರೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

೫. ಚೀಟಿಯ ಸಾಕ್ಷ್ಯ

ಹೊಲಿದ ಟೋಪಿಗಳಲ್ಲಿಯೂ ಸಿದ್ಧಪೇಟಗಳಲ್ಲಿಯೂ ಅಂಗಡಿಯ ಚೀಟಿ ಉಳಿದಿದ್ದರೆ ಅದನ್ನು ಶಾಸನದಂತೆ ಓದಬೇಕು. ಬೆಲೆ ಆಣೆಗಳಲ್ಲಿದ್ದರೆ ಆ ಚೀಟಿ ಬಹುಶಃ ೧೯೫೭ರ ಏಪ್ರಿಲ್ ೧ಕ್ಕಿಂತ ಮೊದಲಿನದು. ಅಂದು ದಶಮಾಂಶ ನಾಣ್ಯ ಜಾರಿಗೆ ಬಂದಿತು. ‘ನಯಾ ಪೈಸೆ’ ಎಂದಿದ್ದರೆ ೧೯೫೭ರಿಂದ ೧೯೬೪ರ ನಡುವಿನದು. ವಿಳಾಸದಲ್ಲಿ ಆರು ಅಂಕೆಗಳ ಪಿನ್‌ಕೋಡ್ ಇದ್ದರೆ ಅದು ೧೯೭೨ರ ಆಗಸ್ಟ್ ೧೫ಕ್ಕಿಂತ ಈಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ ೧೯೭೩ರ ನವೆಂಬರ್ ೧ಕ್ಕಿಂತ ಮೊದಲಿನದು. ‘ಕರ್ನಾಟಕ’ ಎಂದು ರಾಜ್ಯದ ಹೆಸರಿದ್ದರೆ ಅನಂತರದ್ದು. ಖಾದಿ ಟೋಪಿಯ ಮೇಲೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮುದ್ರೆಯಿದ್ದರೆ ಅದು ೧೯೫೭ಕ್ಕಿಂತ ಹಿಂದಿನದಾಗಲಾರದು. ಆಯೋಗ ಅಸ್ತಿತ್ವಕ್ಕೆ ಬಂದದ್ದೇ ಆ ವರ್ಷ. ಉಪ್ಪಿನ ಸತ್ಯಾಗ್ರಹದಲ್ಲಿ ತೊಟ್ಟ ಟೋಪಿಯೆಂದು ಮಾರಲು ಬಂದದ್ದರಲ್ಲಿ ಈ ಮುದ್ರೆಯಿದ್ದರೆ ಹೆಚ್ಚು ವಾದಿಸಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ‘ಹತ್ತೊಂಬತ್ತನೆಯ ಶತಮಾನದ ಮೈಸೂರು ಅರಮನೆಯ ಪೇಟ’ ಎಂದು ಒಂದು ವಸ್ತು ಹರಾಜಿಗೆ ಬಂದಿದೆ. ಒಳಗಡೆ ಬೆಂಗಳೂರಿನ ಅಂಗಡಿಯೊಂದರ ಚೀಟಿ, ಬೆಲೆ ರೂಪಾಯಿ–ಆಣೆಗಳಲ್ಲಿ, ಒಳಪಟ್ಟಿ ತೊಗಲಿನದು, ಹೊಲಿಗೆ ಯಂತ್ರದ್ದು, ಜರಿಯ ಅಂಚು ಕಪ್ಪಾಗಿದೆ. ಇಷ್ಟರಿಂದ ಏನನ್ನು ಹೇಳಬಹುದು? ಜರಿ ಬೆಳ್ಳಿಯದು, ಅಂಗಡಿಯಲ್ಲಿ ಕೊಂಡದ್ದು, ೧೯೫೭ಕ್ಕಿಂತ ಹಿಂದಿನದು, ಇಷ್ಟೇ. ಅರಮನೆಯ ಮಾತಿಗೆ ಇಲ್ಲಿ ಆಧಾರವಿಲ್ಲ. ಮೈಸೂರಿನಲ್ಲಿ ಅಧಿಕಾರಿಗಳೂ ವಕೀಲರೂ ಅಧ್ಯಾಪಕರೂ ಪೇಟ ತೊಡುತ್ತಿದ್ದರು. ಅದು ಒಬ್ಬ ಅಧ್ಯಾಪಕರದಾಗಿದ್ದರೆ ಅರಮನೆಯದಕ್ಕಿಂತ ಅದರ ಬೆಲೆ ಪೇಟೆಯಲ್ಲಿ ಕಡಿಮೆಯಾದೀತು, ಚರಿತ್ರೆಯಲ್ಲಿ ಕಡಿಮೆಯಾಗದು.

೬. ಐರೋಪ್ಯ ಟೋಪಿಗಳು

ಪುಣೆಯಲ್ಲಿ ಹೆಚ್ಚಾಗಿ ಸಿಕ್ಕುವುದು ಬೆಂಡಿನ ಟೋಪಿ. ಇಂಗ್ಲಿಷಿನ ‘ಸೋಲಾ’ ಎಂಬುದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ. ಅದು ಜೌಗಿನಲ್ಲಿ ಬೆಳೆಯುವ ಶೋಲಾ ಗಿಡದ ಹೆಸರು. ಬಾಸಿಂಗಕ್ಕೆ ಬೇಕಾಗುವ ಬೆಂಡಿನಂಥದೇ ಹಗುರವಾದ ತಿರುಳು ಅದರದು. ಆ ತಿರುಳಿನ ಹಾಳೆಗಳನ್ನು ಅಚ್ಚಿನ ಮೇಲೆ ಅಂಟಿಸಿ ಬಟ್ಟೆ ಹೊದಿಸುತ್ತಿದ್ದರು. ಅಂಚಿನ ಕೆಳಗೆ ಅನೇಕ ವೇಳೆ ಹಸುರು ಬಟ್ಟೆ ಇರುತ್ತದೆ. ಸೈನಿಕರ ವುಲ್ಸ್ಲಿ ಮಾದರಿಯ ಶಿರಸ್ತ್ರಾಣ ಇದಕ್ಕಿಂತ ಭಾರವಾದದ್ದು. ಅದರ ಒಡಲು ಬಿರಡೆಗೆ ಬಳಸುವ ಕಾರ್ಕಿನದು. ಕೈಯಲ್ಲಿ ಎತ್ತಿ ನೋಡಿದರೆ ವ್ಯತ್ಯಾಸ ಒಡನೆ ತಿಳಿಯುತ್ತದೆ. ಚಿತ್ರವನ್ನಷ್ಟೇ ನೋಡಿ ಕೊಳ್ಳುವವರು ತೂಕವನ್ನು ಕೇಳಿ ತಿಳಿಯಬೇಕು.

ಫೆಲ್ಟ್ ಟೋಪಿಗಳಲ್ಲಿ ಮೊಲ, ಬೀವರುಗಳ ತುಪ್ಪಟದಿಂದ ಮಾಡಿದ್ದು ಒಂದು, ಕುರಿಯ ಉಣ್ಣೆಯಿಂದ ಮಾಡಿದ್ದು ಇನ್ನೊಂದು. ಮೊದಲನೆಯದು ನಯವಾಗಿ, ಒತ್ತಾಗಿ, ಮಡಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವಂತಿರುತ್ತದೆ, ಎರಡನೆಯದು ಒರಟು. ಲಂಡನ್ನಿನ ಲಾಕ್ (೧೬೭೬), ಕ್ರಿಸ್ಟೀಸ್ (೧೭೭೩), ಇಟಲಿಯ ಬೋರ್ಸಲಿನೊ (೧೮೫೭), ಅಮೇರಿಕೆಯ ಸ್ಟೆಟ್ಸನ್ (೧೮೬೫) ಇವು ಹೆಸರಾಂತ ಸಂಸ್ಥೆಗಳು. ಹೆಸರು ಒಳಗಿನ ತೊಗಲಿನ ಪಟ್ಟಿಯ ಮೇಲೆಯೋ ರೇಷ್ಮೆಯ ಅಸ್ತರಿಯ ಮೇಲೆಯೋ ಅಚ್ಚಾಗಿರುತ್ತದೆ. ಅಸ್ತರಿಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಹೊಲಿಯುವುದು ಕಷ್ಟವಲ್ಲವಾದುದರಿಂದ ಎರಡೂ ಕಡೆಯ ಹೆಸರು ಹೊಂದುತ್ತವೆಯೇ ಎಂದು ನೋಡಬೇಕು. ಅಳತೆಯೂ ಒಂದು ಸುಳಿವು. ೫೭ ಸೆಂಟಿಮೀಟರ್ ಸುತ್ತಳತೆಯ ತಲೆಗೆ ಬ್ರಿಟಿಷ್ ಅಳತೆ ೭. ಅಮೇರಿಕೆಯ ಅಳತೆ ೭ ೧/೮. ಬ್ರಿಟಿಷ್ ಟೋಪಿಯೆಂದು ಹೇಳಿದ್ದು ಅಮೇರಿಕೆಯ ಲೆಕ್ಕಕ್ಕೆ ಹೊಂದಿದರೆ ಮತ್ತೊಮ್ಮೆ ವಿಚಾರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತುಪ್ಪಟವನ್ನು ಫೆಲ್ಟಾಗಿಸಲು ಹಿಂದೆ ಪಾದರಸದ ಲವಣವನ್ನು ಬಳಸುತ್ತಿದ್ದರು. ಅಮೇರಿಕೆಯಲ್ಲಿ ಈ ಪದ್ಧತಿ ನಿಂತದ್ದು ೧೯೪೧ರಲ್ಲಿ. ಹಳೆಯ ಫೆಲ್ಟ್ ಟೋಪಿಗಳನ್ನು ಕೈಗವಸು ತೊಟ್ಟು ಮುಟ್ಟತಕ್ಕದ್ದು, ಗಾಳಿಯಾಡುವ ಕೋಣೆಯಲ್ಲಿಡತಕ್ಕದ್ದು, ಮಕ್ಕಳ ಆಟಕ್ಕೆ ಕೊಡಬಾರದು.

೭. ಹರಾಜಿನ ವ್ಯವಹಾರ

ಹರಾಜು, ಅಥವಾ ಉತ್ತರ ಕರ್ನಾಟಕದವರು ಹೇಳುವ ಲಿಲಾವು, ಹಿಂದೆ ವಸ್ತುವಿನ ಎದುರಿಗೇ ನಡೆಯುತ್ತಿತ್ತು. ಸವಾಲು ಕೂಗುವವನು ಬಟ್ಟೆಯನ್ನು ಮುಟ್ಟಿ, ತಿರುವಿ, ಮೂಸಿ ನೋಡಬಹುದಾಗಿತ್ತು. ಅಂತರಜಾಲದಲ್ಲಿ ಕಣ್ಣೊಂದೇ ಆಧಾರ. ಆದುದರಿಂದ ಸವಾಲು ಹಾಕುವುದಕ್ಕೆ ಮೊದಲು ಒಳಭಾಗ, ಒಳಪಟ್ಟಿ, ಚೀಟಿ, ಹೊಲಿಗೆ, ಜರಿಯ ಹಿಂಬದಿ ಇವುಗಳ ಹತ್ತಿರದ ಚಿತ್ರಗಳನ್ನು ಕೇಳಿ ಪಡೆಯಬೇಕು. ಎಲ್ಲಿಂದ ಬಂತು, ಯಾರ ಮನೆಯದು ಎಂದೂ ಕೇಳಬೇಕು. ಉತ್ತರ ಬಂದರೆ ಅದನ್ನು ಇದ್ದಂತೆ ಕಾಪಾಡಬೇಕು. ಹರಾಜಿನ ಪುಟ ಕೆಲವು ದಿನಗಳಲ್ಲಿ ಮಾಯವಾಗುತ್ತದೆ, ಅದರೊಡನೆ ವಸ್ತುವಿನ ಜಾತಕವೂ ಮಾಯವಾಗುತ್ತದೆ. ಪೂರ್ವವೃತ್ತಾಂತಕ್ಕೆ ಎಷ್ಟು ಬೆಲೆಯೆಂಬುದಕ್ಕೆ ೨೦೧೫ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ನಡೆದ ಟಿಪ್ಪುವಿನ ಆಯುಧಗಳ ಹರಾಜೇ ಸಾಕ್ಷಿ. ಶ್ರೀರಂಗಪಟ್ಟಣದ ಸಂಬಂಧ ಸಿದ್ಧವಾಗಿದ್ದ ಆ ವಸ್ತುಗಳಿಗೆ ಸುಮಾರು ೬೦ ಲಕ್ಷ ಪೌಂಡು ಬಂದಿತು.

ಕಾನೂನನ್ನೂ ತಿಳಿದಿರಬೇಕು. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ, ಚಾರಿತ್ರಿಕ ಅಥವಾ ಕಲಾಮೌಲ್ಯವುಳ್ಳ ವಸ್ತು ಪ್ರಾ‍ಚ್ಯವಸ್ತುವಾಗಬಹುದು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ, ಅನುಮತಿಪತ್ರವಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಮುತ್ತಜ್ಜನ ಪೇಟವನ್ನು ಅಂಚೆಯಲ್ಲಿ ಕಳುಹಿಸುವವರು ಇದನ್ನು ವಿಚಾರಿಸಿ ಮುಂದುವರಿಯಬೇಕು. ಹಕ್ಕಿಯ ಗರಿಯ ತುರಾಯಿ ಇದ್ದರೆ ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅನ್ವಯಿಸಬಹುದು.

ಕೊಂಡ ಬಳಿಕ ಒಗೆಯುವುದು, ಇಸ್ತ್ರಿ ಮಾಡುವುದು, ಹೊಸ ಜರಿ ಹಚ್ಚಿಸುವುದು ಇವು ಮೂರೂ ಸಾಕ್ಷ್ಯನಾಶವೇ. ಬೆವರಿನ ಕಲೆಯೂ ಮಡಿಕೆಯ ಗೆರೆಯೂ ಚರಿತ್ರೆಯ ಅಕ್ಷರಗಳು. ಬಿಸಿಲು ತಾಗದ ಒಣ ಸ್ಥಳದಲ್ಲಿ, ಆಮ್ಲರಹಿತ ಕಾಗದದ ಆಸರೆಯಿಟ್ಟು, ರಬ್ಬರಿನಿಂದಲೂ ಪ್ಲಾಸ್ಟಿಕ್ಕಿನಿಂದಲೂ ದೂರವಾಗಿ ಕಾಯ್ದಿಡಬೇಕು.

೮. ಹರಾಜಿಗೆ ಬಾರದವು

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಈ ವಿವೇಚನೆ ಅಪೂರ್ಣವಾಗುತ್ತದೆ. ತಲೆಯುಡುಗೆ ಗೌರವದ ಗುರುತಾಗಿದ್ದಂತೆ ಅಗೌರವದ ಸಾಧನವೂ ಆಗಿತ್ತು. ಯಾರು ಯಾರ ಎದುರಿಗೆ ರುಮಾಲು ಸುತ್ತಬಹುದು, ಯಾರು ತೆಗೆದು ಕಂಕುಳಲ್ಲಿಟ್ಟುಕೊಳ್ಳಬೇಕು ಎಂಬ ಕಟ್ಟಳೆಗಳು ಅನೇಕ ಊರುಗಳಲ್ಲಿದ್ದವು. ೧೮೦೬ರಲ್ಲಿ ಸಿಪಾಯಿಗಳ ಮೇಲೆ ತೊಗಲಿನ ತುರಾಯಿಯ ಹೊಸ ಟೋಪಿಯನ್ನು ಹೇರಿದುದು ವೆಲ್ಲೂರಿನ ದಂಗೆಗೆ ಒಂದು ಮುಖ್ಯ ಕಾರಣವಾಯಿತು. ಟಿಪ್ಪುವಿನ ಮಕ್ಕಳು ಆಗ ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದರು. ೨೦೧೮ರಲ್ಲಿ ಪುಣೆಯ ರಾಜಕೀಯ ಸಭೆಯೊಂದರಲ್ಲಿ ಪುಣೆಯ ಪಗಡಿಯ ಬದಲು ಮಹಾತ್ಮಾ ಫುಲೆಯವರ ಮಾದರಿಯ ಪಗಡಿಯನ್ನು ತೊಡಿಸಬೇಕೆಂಬ ಮಾತು ಬಂದು ಚರ್ಚೆಯೆದ್ದುದು ವಾಚಕರಿಗೆ ನೆನಪಿರಬಹುದು. ಪಗಡಿಯ ಸುತ್ತು ಇಂದಿಗೂ ಮೌನವಾಗಿಲ್ಲವೆಂದು ಇದರಿಂದ ವಿದಿತವಾಗುತ್ತದೆ.

ಹರಾಜಿನ ಪಟ್ಟಿಯಲ್ಲಿ ಜರಿಯುಳ್ಳದ್ದು ಬರುತ್ತದೆ; ಜರಿಯಿಲ್ಲದ್ದು ಬರುವುದಿಲ್ಲ. ತುಳುನಾಡಿನಲ್ಲೂ ಕಾಸರಗೋಡಿನಲ್ಲೂ ಗದ್ದೆಯ ಕೆಲಸದವರು ತೊಡುತ್ತಿದ್ದ ಅಡಕೆಯ ಹಾಳೆಯ ಮುಟ್ಟಾಳೆ, ಮಲೆನಾಡಿನ ಮಳೆಯ ಗೊರಬು, ಬಯಲುಸೀಮೆಯ ಕಂಬಳಿಯ ಕೊಪ್ಪೆ, ಮಕ್ಕಳ ಕುಂಚಿಗೆ ಇವುಗಳಿಗೆ ಸವಾಲು ಕೂಗುವವರಿಲ್ಲ. ಹಾಳೆಯ ಟೋಪಿ ಹೆಚ್ಚು ಕಾಲ ಬಾಳುವ ವಸ್ತುವೂ ಅಲ್ಲ. ಹೀಗಾಗಿ ಹರಾಜಿನಿಂದಲೇ ಕೂಡಿಸಿದ ಸಂಗ್ರಹವನ್ನು ನೋಡಿದವನು ಕರ್ನಾಟಕದಲ್ಲಿ ಹಿಂದೆ ಎಲ್ಲರೂ ದಿವಾನರಾಗಿದ್ದರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಈ ಕೊರತೆಯನ್ನು ತುಂಬುವುದು ಹಣದಿಂದ ಸಾಧ್ಯವಿಲ್ಲ. ಅದಕ್ಕೆ ಕೇಳುವ ಕಿವಿಯೂ ಬರೆದುಕೊಳ್ಳುವ ಕೈಯೂ ಬೇಕು.

ಪುಣೆಯ ಕನ್ನಡಿಗರ ಮನೆಗಳಲ್ಲಿ ಹಳೆಯ ಟ್ರಂಕುಗಳು ಇನ್ನೂ ಇವೆ; ಅವುಗಳಲ್ಲಿರುವುದನ್ನು ಬಲ್ಲ ಹಿರಿಯರೂ ಕೆಲವರಿದ್ದಾರೆ. ಒಂದು ರುಮಾಲು ಸಿಕ್ಕಿದರೆ ಅದರ ಉದ್ದಗಲ, ಬಣ್ಣ, ಅಂಚುಗಳ ಜೊತೆಗೆ ಅದನ್ನು ಸುತ್ತಿದವರು ಯಾರು, ಯಾವ ಊರಿನಿಂದ ಯಾವ ವರ್ಷ ಪುಣೆಗೆ ಬಂದರು, ಯಾವ ಸಂದರ್ಭದಲ್ಲಿ ಸುತ್ತುತ್ತಿದ್ದರು, ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಟ್ಟೆಯೊಡನೆ ಇಟ್ಟರೆ ಸಾಕು. ಸುತ್ತುವ ಕ್ರಮವನ್ನು ಬಲ್ಲವರಿದ್ದರೆ ಅವರ ಕೈಚಲನೆಯನ್ನು ಚಿತ್ರೀಕರಿಸಿಕೊಳ್ಳಬೇಕು. ಬಟ್ಟೆಯನ್ನು ನೂರು ವರ್ಷದ ಮೇಲೂ ಕೊಳ್ಳಬಹುದು, ಆ ಕೈಯನ್ನು ಯಾವ ಹರಾಜಿನಲ್ಲಿಯೂ ಕೊಳ್ಳಲಾಗದು. ವಸ್ತು ಮುಂದೆ ಯಾರ ಕೈ ಸೇರಿದರೂ ಆ ಹಾಳೆ ಅದರ ಜೊತೆಗೆ ಹೋಗಲಿ.